ಅಂಗಳದ ಬೆಂಚಿಗೆ ಎಸ್ಸೆಸ್ (ಸ್ಟೇನ್‌ಲೆಸ್ ಸ್ಟೀಲ್) ಸ್ಕ್ರೂ ಹಾಕಿ ಮೂರು ಮಳೆಗಾಲ ಆಯ್ತು

ನಮ್ಮನೆ ಕುಂದಾಪುರದ ಹತ್ರ, ಸಮುದ್ರಕ್ಕೆ ಒಂದು ಕಿಲೋಮೀಟರೂ ಇಲ್ಲ. ಅಂಗಳದ ಸಾಗುವಾನಿ ಬೆಂಚಿಗೆ ಮೊದಲು ಅಂಗಡಿಯವ ಕೊಟ್ಟ ಹಳದಿ ಕೋಟಿಂಗ್ ಸ್ಕ್ರೂನೇ ಹಾಕಿದ್ದು. ಒಂದೇ ಮಳೆಗಾಲ, ಪ್ರತಿ ತಲೆ ಕೆಳಗೂ ಅತ್ತ ಕಣ್ಣಿನ ಕಾಡಿಗೆ ಥರ ಕಪ್ಪು ಗೆರೆ ಇಳಿದಿತ್ತು. ತುಕ್ಕು ಕೆಂಪಲ್ವಾ ಅಂತ ತಲೆ ಕೆಡಿಸ್ಕೊಂಡೆ, ಆಮೇಲೆ ಗೊತ್ತಾಯ್ತು, ಮರದ ಒಗರಿಗೆ ಕಬ್ಬಿಣ ಸೇರಿದ್ರೆ ಆಗೋದು ಶಾಯಿ, ಹಿಂದೆ ಅಣಲೆಕಾಯಿ ಶಾಯಿ ಮಾಡ್ತಿದ್ರಲ್ಲ, ಅದೇ ಲೆಕ್ಕ.

ಎಲ್ಲ ಬಿಚ್ಚಿಸಿ 304 ಗ್ರೇಡ್ ಸ್ಟೇನ್‌ಲೆಸ್ ಹಾಕಿಸಿದೆ, ದಪ್ಪ ಎಂಟು ನಂಬರ್, ಉದ್ದ 50 ಎಂಎಂ. ರೇಟು ಮೂರ್ನಾಲ್ಕು ಪಟ್ಟು. ನಾನು ಚೌಕಾಸಿ ಮಾಡ್ತಿದ್ರೆ ಆಚಾರ್ರು "ಮರಕ್ಕೆ ಅಷ್ಟು ಸುರಿದು ಈಗ ಸ್ಕ್ರೂ ಎಣಿಸ್ತೀರಲ್ಲ ಮಾರಾಯ್ರೆ" ಅಂದ್ರು, ಬಾಯಿ ಮುಚ್ಕೊಂಡು ಕೊಟ್ಟೆ. ಮೂರು ವರ್ಷ ಆದ್ರೂ ಒಂದು ಗೆರೆ ಇಲ್ಲ. ಸಂಜೆ ಚಾ ಹಿಡ್ಕೊಂಡು ಕೂತ್ರೆ ಹೆಬ್ಬೆರಳು ತಾನಾಗೇ ಕೈ ಇಡೋ ಹಲಗೆ ಮೇಲಿನ ತಲೆಗಳನ್ನ ಸವರುತ್ತೆ, ನುಣ್ಣಗೆ ತಣ್ಣಗೆ, ಮೂರನೇದು ಮಾತ್ರ ಕೂದಲೆಳೆಯಷ್ಟು ಮೇಲಿದೆ, ಲೋಟ ಅಲ್ಲಿಟ್ರೆ ಅಲ್ಲಾಡುತ್ತೆ, ಅದಕ್ಕೆ ಲೋಟದ ಜಾಗ ಎರಡನೇದರ ಪಕ್ಕ.

ಆದ್ರೆ ಹಾಕುವಾಗ ಮಾತ್ರ ಪ್ರಾಣ ತಿಂತು. ಸ್ಟೇನ್‌ಲೆಸ್ ಸ್ವಲ್ಪ ಮೆತ್ತಗಿನದು, ಹೊಸ ಹುರುಪಲ್ಲಿ ನಾನೇ ಡ್ರಿಲ್ಲು ಹಿಡಿದು ತೂತು ಹಾಕದೆ ನುಗ್ಗಿಸಿದೆ, ನಾಲ್ಕರ ತಲೆ ಸವೆದು, ಡ್ರಿಲ್ಲಿನ ಬಿಟ್ (ತುದಿ) ಸುಮ್ನೆ ಗಿರಗಿರ ತಿರುಗ್ತು, ಒಂದು ಕತ್ತಲ್ಲೇ ಕಟ್. ಮೊದಲು 3 ಎಂಎಂ ಡ್ರಿಲ್ ಬಿಟ್‌ನಲ್ಲಿ ತೂತು ಹಾಕಿ, ಸ್ಕ್ರೂವಿನ ಎಳೆಗೆ ಸೋಪು ಉಜ್ಜಿ, ಡ್ರಿಲ್ಲು ನಿಧಾನಕ್ಕೆ ಬಿಡಿ. ಆರು ಮೂಲೆ ನಕ್ಷತ್ರದಂಥ ತೋಡಿನ ತಲೆದು ಸಿಕ್ರೆ ಬಿಟ್ ಜಾರೋದು ಕಮ್ಮಿ, ಆದ್ರೆ ನಮ್ಮ ಕಡೆ "ಸ್ಟಾರ್" ಕೊಡಿ ಅಂದ್ರೆ ಪ್ಲಸ್ ತಲೆದೇ ಕೊಡೋದು, ಸೋತು ಹೋದೆ!

ಅಂಗಡಿಲಿ ಅಯಸ್ಕಾಂತ ಇಟ್ಟು "ನೋಡಿ ಅಂಟಲ್ಲ, ಒರಿಜಿನಲ್" ಅಂತಾರೆ. ನಿಕ್ಕಲ್ ಕಮ್ಮಿ ಇರೋ 202 ಗ್ರೇಡ್ ಸ್ಟೇನ್‌ಲೆಸ್ಸಿಗೂ ಅಯಸ್ಕಾಂತ ಅಂಟಲ್ಲ, ಅದ್ರಿಂದ ಏನೂ ಗೊತ್ತಾಗಲ್ಲ, ಡಬ್ಬದ ಮೇಲೆ ಗ್ರೇಡ್ ಓದಿ.

ಈ ವರ್ಷ ಕಡಲ ಕಡೆ ಮುಖ ಇರೋ ತಲೆಗಳ ಮೇಲೆ ಚಾ ಚೆಲ್ಲಿದ ಹಾಗೆ ಕಂದು ಪೊರೆ ಬಂತು. ಉಪ್ಪುಗಾಳಿ. ಅಮ್ಮ ಹಿತ್ತಾಳೆ ಚೊಂಬು ಉಜ್ಜಿ ಉಳಿದ ಹುಣಸೆಹುಳಿಲಿ ತಿಕ್ಕಿದ್ರು, ಹೋಯ್ತು. ಸಮುದ್ರಕ್ಕೆ ಇಷ್ಟು ಹತ್ರ ಇದ್ದವರು ದುಡ್ಡಿದ್ರೆ 316 ತಗೊಳ್ಳಿ, ಅದ್ರಲ್ಲಿ ಮಾಲಿಬ್ಡಿನಮ್ ಇರುತ್ತೆ, ಉಪ್ಪು ತಡ್ಕೊಳ್ಳುತ್ತೆ. ನನ್ನ ಬಜೆಟ್ಟಿಗೆ 304 ಮತ್ತೆ ಹುಣಸೆಹುಳಿ ಸಾಕು.

ಹಳದಿ ಸ್ಕ್ರೂ ಒಂದು ಬಿಚ್ಚುವಾಗ ಮುರಿದು ಬೆಂಚಿನ ಎಡಮೂಲೇಲೇ ಉಳ್ಕೊಂಡಿದೆ. ಅದರ ಸುತ್ತ ಕಪ್ಪು ವರ್ಷ ವರ್ಷ ಅಗಲ ಆಗ್ತಿದೆ, ಅಮ್ಮ ಹಪ್ಪಳ ಒಣ ಹಾಕುವಾಗ ಆ ಮೂಲೆ ಬಿಟ್ಟೇ ಬಟ್ಟೆ ಹಾಸ್ತಾರೆ.