ಸೆನೆಕಾ ಫಾಲ್ಸ್: ನಯಾಗರಾಕ್ಕೆ ಹೋಗುವಾಗ ಎರಡು ಗಂಟೆ ಇಲ್ಲೂ ಇಳಿಯಿರಿ

ಬಾಸ್ಟನ್, ಆಲ್ಬನಿ ಕಡೆಯಿಂದ ಕಾರಿನಲ್ಲಿ ನಯಾಗರಾಕ್ಕೆ ಹೊರಟರೆ ಐ-90 ರಸ್ತೆಯಲ್ಲಿ 41ನೇ ಎಕ್ಸಿಟ್ ಸಿಗುತ್ತದೆ. ನಮ್ಮವರು ಸುಮಾರು ಜನ ಅಲ್ಲಿ ಇಳಿಯುವುದೂ ಉಂಟು. ಆದರೆ ಹೋಗುವುದು ವಾಟರ್‌ಲೂ ಔಟ್‌ಲೆಟ್ ಮಾಲ್‌ಗೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಒಂದು ಜಾಕೆಟ್, ಒಂದು ಜೊತೆ ಶೂ ಕೊಡಿಸಿ ಮತ್ತೆ ಹೈವೇ ಹತ್ತುತ್ತಾರೆ. ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ, ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್ ಅನ್ನುವ ಊರಲ್ಲಿ, 1848ರಲ್ಲಿ ಅಮೆರಿಕದ ಹೆಂಗಸರು ಮೊದಲ ಸಲ ಸಭೆ ಸೇರಿ ನಮಗೂ ಮತದಾನದ ಹಕ್ಕು ಕೊಡಿ ಅಂತ ಕೇಳಿದ ಚರ್ಚು ಇದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಹೆಸರು ನೋಡಿ ಜಲಪಾತ ಹುಡುಕಬೇಡಿ. ಒಂದು ಕಾಲದಲ್ಲಿ ಇತ್ತು, ನಿಜ. 1915ರ ಹೊತ್ತಿಗೆ ಕಾಲುವೆ ದೊಡ್ಡದು ಮಾಡುವಾಗ ಅದು ಕೆರೆಯಲ್ಲಿ ಮುಳುಗಿಹೋಯಿತು. ಇಲ್ಲಿ ನೋಡಬೇಕಾದದ್ದು ವಿಮೆನ್ಸ್ ರೈಟ್ಸ್ ನ್ಯಾಷನಲ್ ಹಿಸ್ಟಾರಿಕಲ್ ಪಾರ್ಕ್. ಪಾರ್ಕ್ ಅಂದರೆ ಗಿಡ ಮರ ಅಲ್ಲ. ಫಾಲ್ ಸ್ಟ್ರೀಟ್‌ನಲ್ಲಿ ಒಂದು ಹಳೇ ಚರ್ಚು, ಪಕ್ಕದಲ್ಲೇ ವಿಸಿಟರ್ ಸೆಂಟರ್, ಸ್ವಲ್ಪ ದೂರದಲ್ಲಿ ಕೆಲವು ಮನೆಗಳು, ಅಷ್ಟೇ. ಟಿಕೆಟ್ ಇಲ್ಲ, ಪುಕ್ಕಟೆ.

ವಿಸಿಟರ್ ಸೆಂಟರ್ ಬಾಗಿಲು ದಾಟಿದ ತಕ್ಷಣ ಆಳೆತ್ತರದ ಕಂಚಿನ ವಿಗ್ರಹಗಳು, ಒಟ್ಟು 20. ನನಗೆ ತುಂಬ ಹಿಡಿಸಿದ್ದು ಇವು. ಕಟ್ಟೆ ಇಲ್ಲ, ಬೇಲಿ ಇಲ್ಲ, ನಾವು ನಿಂತ ನೆಲದ ಮೇಲೇ ಅವರೂ ನಿಂತಿದ್ದಾರೆ. ಆ ಸಭೆ ಕರೆದ ಎಲಿಜಬೆತ್ ಕೇಡಿ ಸ್ಟಾಂಟನ್, ಲುಕ್ರೀಶಿಯಾ ಮಾಟ್, ಅಲ್ಲಿ ಅವರ ಪರ ಮಾತಾಡಿದ ಫ್ರೆಡರಿಕ್ ಡಗ್ಲಾಸ್ ಇವರ ಪಕ್ಕದಲ್ಲಿ ಹೆಸರೇ ಇಲ್ಲದ 11 ಜನ ಇದ್ದಾರೆ. ಬಂದು ಕೂತು ಕೇಳಿಸಿಕೊಂಡು ಹೋದವರಿಗೂ ಜಾಗ ಕೊಟ್ಟಿದ್ದಾರೆ ಅಂತ ಖುಷಿಯಾಯಿತು. ಮಕ್ಕಳು ನೇರ ಹೋಗಿ ಕೈ ಹಿಡಿದುಕೊಂಡು ಫೋಟೋ ತೆಗೆಸಿಕೊಳ್ಳಬಹುದು.

ಚರ್ಚಿನ ವಿಷಯಕ್ಕೆ ಬಂದರೆ, ತುಂಬ ನಿರೀಕ್ಷೆ ಇಟ್ಟುಕೊಂಡು ಹೋಗಬೇಡಿ. ವೆಸ್ಲಿಯನ್ ಚಾಪೆಲ್ ಕಟ್ಟಿದ್ದು 1843ರಲ್ಲಿ. ಸಭೆ ಮುಗಿದ ಮೇಲೆ ಮುಂದಿನ ನೂರು ವರ್ಷ ಈ ಕಟ್ಟಡವನ್ನು ಯಾರೂ ಜೋಪಾನ ಮಾಡಲಿಲ್ಲ. ನಾಟಕದ ಹಾಲ್ ಆಯಿತು, ಸಿನಿಮಾ ಹಾಲ್ ಆಯಿತು, ಸ್ಕೇಟಿಂಗ್ ಆಡಿದರು, ಕಾರು ಮಾರಿದರು, ಕೊನೆಗೆ ದುಡ್ಡು ಹಾಕಿ ಬಟ್ಟೆ ಒಗೆಯುವ ಲಾಂಡ್ರಿಯೂ ಆಯಿತು. ನ್ಯಾಷನಲ್ ಪಾರ್ಕ್‌ನವರ ಕೈಗೆ ಬರುವ ಹೊತ್ತಿಗೆ ಉಳಿದದ್ದು ಹಳೇ ಗೋಡೆಯ ಕೆಲವು ಭಾಗ ಮತ್ತು ಮೇಲ್ಛಾವಣಿಯ ಸ್ವಲ್ಪ. ಮಿಕ್ಕಿದ್ದೆಲ್ಲ ಈಚೆಗೆ ಕಟ್ಟಿದ್ದು. ಹಳೇ ಇಟ್ಟಿಗೆ ಯಾವುದು, ಹೊಸದು ಯಾವುದು ಅಂತ ಕಣ್ಣಿಗೆ ಕಾಣುತ್ತದೆ. ಒಳಗೆ ಸಾಲು ಬೆಂಚು, ಖಾಲಿ ಗೋಡೆ. ಕಥೆ ಗೊತ್ತಿಲ್ಲದೆ ಹೋದರೆ ಎರಡೇ ನಿಮಿಷಕ್ಕೆ ಹೊರಗೆ ಬಂದುಬಿಡುತ್ತೀರಿ. ಅದಕ್ಕೇ ಮೊದಲು ರೇಂಜರ್ (ಪಾರ್ಕ್‌ನ ಸಿಬ್ಬಂದಿ) ಮಾತು ಕೇಳಿ, ಆಮೇಲೆ ಒಳಗೆ ಹೋಗಿ.

ಕಥೆ ಸಿಕ್ಕಾಪಟ್ಟೆ ಚೆನ್ನಾಗಿದೆ. 1848ರ ಜುಲೈ 9ರಂದು ಪಕ್ಕದ ಊರು ವಾಟರ್‌ಲೂನಲ್ಲಿ ಜೇನ್ ಹಂಟ್ ಅನ್ನುವವರ ಮನೆಯಲ್ಲಿ ಸ್ಟಾಂಟನ್, ಮಾಟ್ ಸೇರಿ ಐದು ಜನ ಹೆಂಗಸರು ಟೀ ಕುಡಿಯಲು ಸೇರುತ್ತಾರೆ. ಮಾತು ಮಾತಲ್ಲೇ ಸಭೆ ಕರೆಯೋಣ ಅಂತ ತೀರ್ಮಾನ. ಪೇಪರಿಗೆ ಜಾಹೀರಾತು ಕೊಟ್ಟು ಹತ್ತೇ ದಿನಕ್ಕೆ, ಜುಲೈ 19 ಮತ್ತು 20ಕ್ಕೆ, ಸಭೆ ನಡೆದೇ ಬಿಟ್ಟಿತು. ಸುಮಾರು 300 ಜನ ಬಂದಿದ್ದರು. ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನೇ ಮುಂದಿಟ್ಟುಕೊಂಡು, ಅದೇ ಧಾಟಿಯಲ್ಲಿ, ಎಲ್ಲ ಗಂಡಸರೂ ಹೆಂಗಸರೂ ಸಮಾನರಾಗಿ ಹುಟ್ಟಿದವರು ಅಂತ ಬರೆದರು. ಇಂಗ್ಲೆಂಡಿನ ರಾಜನ ಮೇಲಿದ್ದ ದೂರುಗಳ ಜಾಗದಲ್ಲಿ ಗಂಡಸರ ಮೇಲಿನ ದೂರುಗಳು ಬಂದವು: ಮದುವೆಯಾದ ಹೆಂಗಸು ಕಾನೂನಿನ ಕಣ್ಣಲ್ಲಿ ಸತ್ತ ಹಾಗೆ, ಅವಳು ದುಡಿದ ಕೂಲಿಯೂ ಅವಳದಲ್ಲ, ಕಾಲೇಜಿನ ಬಾಗಿಲು ಅವಳಿಗೆ ಮುಚ್ಚಿದೆ.

ಇದರಲ್ಲಿ ಜಾಸ್ತಿ ಜಗಳ ಆಗಿದ್ದು ಯಾವುದಕ್ಕೆ ಗೊತ್ತಾ? ಮತದಾನದ ಹಕ್ಕಿಗೆ. ಮಿಕ್ಕ ಎಲ್ಲ ನಿರ್ಣಯಕ್ಕೂ ಎಲ್ಲರೂ ಒಪ್ಪಿದರು, ಇದೊಂದಕ್ಕೆ ಮಾತ್ರ ಇಲ್ಲ. ಇದನ್ನು ಕೇಳಿದರೆ ಜನ ನಗುತ್ತಾರೆ ಅಂತ ಸ್ವತಃ ಲುಕ್ರೀಶಿಯಾ ಮಾಟ್ ಹೆದರಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಡಗ್ಲಾಸ್ ಎದ್ದು ನಿಂತು ಮಾತಾಡಿದ ಮೇಲೆಯೇ ಅದು ಪಾಸಾಯಿತು. ಇನ್ನೊಂದು ಮಜಾ ಕೇಳಿ. ಎರಡನೇ ದಿನ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದು ಲುಕ್ರೀಶಿಯಾ ಅವರ ಗಂಡ ಜೇಮ್ಸ್ ಮಾಟ್. ಎರಡು ವಾರ ಬಿಟ್ಟು ರಾಚೆಸ್ಟರ್ ಊರಲ್ಲಿ ನಡೆದ ಇಂಥದೇ ಸಭೆಯಲ್ಲಿ ಅಬಿಗೇಲ್ ಬುಷ್ ಅನ್ನುವ ಹೆಂಗಸು ಅಧ್ಯಕ್ಷತೆಗೆ ಕೂತಾಗ ಬೇಡ ಅಂದವರಲ್ಲಿ ಸ್ಟಾಂಟನ್, ಮಾಟ್ ಇಬ್ಬರೂ ಇದ್ದರು! ಇಂಥ ಎಡವಟ್ಟುಗಳಿಂದಲೇ ಇವರೆಲ್ಲ ನನಗೆ ಹತ್ತಿರದವರು ಅನ್ನಿಸಿದ್ದು.

ಘೋಷಣೆಗೆ ಸಹಿ ಹಾಕಿದ್ದು ನೂರು ಜನ, 68 ಹೆಂಗಸರು, 32 ಗಂಡಸರು. ಪೇಪರುಗಳು ಗೇಲಿ ಮಾಡಿದ ಮೇಲೆ ಕೆಲವರು ಹೆಸರು ವಾಪಸ್ ತಗೊಂಡರು. ಮೂಲ ಕಾಗದ ಇವತ್ತಿಗೂ ಪತ್ತೆಯಿಲ್ಲ. ಆದರೆ ಚರ್ಚಿನ ಪಕ್ಕದ ಉದ್ದನೆ ಕಲ್ಲಿನ ಗೋಡೆ ಮೇಲೆ ಇಡೀ ಬರಹ ಮತ್ತು ಅಷ್ಟೂ ಹೆಸರು ಕೆತ್ತಿದ್ದಾರೆ, ಅದರ ಮೇಲಿಂದ ನೀರು ಇಳಿಯುತ್ತದೆ. ಅಲ್ಲಿ ಶಾರ್ಲಟ್ ವುಡ್‌ವರ್ಡ್ ಹೆಸರು ಹುಡುಕಿ. ಮನೆಯಲ್ಲಿ ಕೂತು ಕೈಗವಸು ಹೊಲಿಯುತ್ತಿದ್ದ ಹುಡುಗಿ. 1920ರಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟ ಸಂವಿಧಾನದ 19ನೇ ತಿದ್ದುಪಡಿ ಬಂದಾಗ ಸಹಿ ಹಾಕಿದ ಹೆಂಗಸರಲ್ಲಿ ಬದುಕಿದ್ದವರು ಇವರೊಬ್ಬರೇ. ಹುಷಾರಿಲ್ಲದೆ ಮತ ಹಾಕಲು ಹೋಗಲಾಗಲಿಲ್ಲ. 72 ವರ್ಷ ಕಾದು ಹೀಗಾಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ. (ಅದಾಗಿ ಆರೇ ವರ್ಷಕ್ಕೆ, 1926ರಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನಸಭೆ ಚುನಾವಣೆಗೆ ನಿಂತಿದ್ದರು, ಸ್ವಲ್ಪದರಲ್ಲೇ ಸೋತರು. ನಾವೇನೂ ತೀರಾ ಹಿಂದೆ ಇರಲಿಲ್ಲ.)

ಒಂದು ಎಚ್ಚರಿಕೆ. ಇದನ್ನು ನೋಡಿ ಅಮೆರಿಕದ ಹೆಂಗಸರಿಗೆಲ್ಲ 1920ರಲ್ಲಿ ಮತದ ಹಕ್ಕು ಸಿಕ್ಕಿತು ಅಂದುಕೊಂಡು ಬರಬೇಡಿ. 1848ರ ಸಭೆಯಲ್ಲಿ ಕಪ್ಪು ಹೆಂಗಸರು ಇದ್ದ ದಾಖಲೆಯೇ ಇಲ್ಲ, ದಕ್ಷಿಣದ ರಾಜ್ಯಗಳಲ್ಲಿ ಅವರು ನಿಜವಾಗಿ ಮತ ಹಾಕಲು 1965ರ ಮತದಾನ ಹಕ್ಕು ಕಾನೂನಿನ ತನಕ ಕಾಯಬೇಕಾಯಿತು. ಹೋಗುವ ಮುಂಚೆ ಇಷ್ಟು ತಲೆಯಲ್ಲಿರಲಿ.

ಉಳಿದದ್ದು ಬೇಗ ಹೇಳುತ್ತೇನೆ. ಸ್ಟಾಂಟನ್ ಮನೆ ಕಾಲುವೆಯ ಆಚೆ ವಾಷಿಂಗ್ಟನ್ ಸ್ಟ್ರೀಟ್‌ನಲ್ಲಿದೆ, ಖಂಡಿತ ನೋಡಿ. ಏಳು ಮಕ್ಕಳ ತಾಯಿ ಭಾಷಣ ಬರೆಯುತ್ತಿದ್ದದ್ದು ಇಂಥ ಮನೆಯಲ್ಲಿ. ಮತದ ಹಕ್ಕಿನ ಹೋರಾಟದ ಗೆಳತಿ ಸೂಸನ್ ಆಂಟನಿ ಬಂದರೆ ಮಕ್ಕಳನ್ನು ಅವರು ನೋಡಿಕೊಳ್ಳುತ್ತಿದ್ದರಂತೆ. ಅಂದಹಾಗೆ ಆಂಟನಿ 1848ರ ಸಭೆಯಲ್ಲಿ ಇರಲೇ ಇಲ್ಲ, ಸ್ಟಾಂಟನ್‌ಗೆ ಅವರ ಪರಿಚಯವಾಗಿದ್ದು 1851ರಲ್ಲಿ. ಆ ಭೇಟಿಯ ಕಂಚಿನ ವಿಗ್ರಹ ಕೆರೆ ದಂಡೆಯಲ್ಲಿದೆ. ಹಳೇ ನಿಟ್ಟಿಂಗ್ ಮಿಲ್‌ನಲ್ಲಿರುವ ನ್ಯಾಷನಲ್ ವಿಮೆನ್ಸ್ ಹಾಲ್ ಆಫ್ ಫೇಮ್‌ಗೆ ಬೇರೆ ಟಿಕೆಟ್. ಸಾಧಕಿಯರ ಪಟ್ಟಿ ಓದುವ ಆಸೆ ಇದ್ದವರಿಗೆ ಸರಿ, ನನಗೆ ಚರ್ಚು ಮತ್ತು ಮನೆಯೇ ಸಾಕಾಯಿತು.

ಐದಕ್ಕೆ ನಾಲ್ಕು ಸ್ಟಾರ್. ಬರೀ ಕಟ್ಟಡ ನೋಡುವವರಿಗೆ ಮೂರೇ. ಮಕ್ಕಳಿದ್ದರೆ ಜೂನಿಯರ್ ರೇಂಜರ್ ಅನ್ನುವ ಚಟುವಟಿಕೆ ಪುಸ್ತಕ ಕೇಳಿ ತಗೊಳ್ಳಿ, ಒಂದು ಗಂಟೆ ಆರಾಮ. ಮನೆಗಳು ವರ್ಷಪೂರ್ತಿ ತೆಗೆದಿರುವುದಿಲ್ಲ, ಹೊರಡುವ ಮುಂಚೆ ಪಾರ್ಕ್‌ನ ವೆಬ್‌ಸೈಟ್‌ನಲ್ಲಿ ಸಮಯ ನೋಡಿಕೊಳ್ಳಿ. ಮಾಲ್‌ಗೆ ಆಮೇಲೆ ಹೋದರಾಯಿತು, ಅದು ರಾತ್ರಿ ತನಕ ತೆಗೆದಿರುತ್ತದೆ.