ಡಿಸ್ಕ್‌ಗೆ ಕಾರ್ಟ್ರಿಜ್: ಪೂರ್ತಿ ಮುಚ್ಚಿದ್ದಾ, ಬಿಚ್ಚುವಂಥದ್ದಾ, ಬೇಡವೇ ಬೇಡವಾ?

ಕಾರ್ಟ್ರಿಜ್ ಅಂದರೆ ಡಿಸ್ಕನ್ನು ಒಳಗಿಟ್ಟುಕೊಂಡೇ ಡ್ರೈವ್‌ಗೆ ಹೋಗುವ ಪ್ಲಾಸ್ಟಿಕ್ ಡಬ್ಬಿ. ಮೊದಲು ಗೀರು, ಧೂಳಿನ ಮಾತು. ಡಿವಿಡಿಯಲ್ಲಿ ಮಾಹಿತಿ ಪದರ ಮೇಲ್ಮೈಯಿಂದ 0.6 ಮಿ.ಮೀ. ಒಳಗಿದೆ. ಬ್ಲೂ-ರೇಯಲ್ಲಿ ಬರೀ 0.1. ಪದರ ಮೇಲ್ಮೈಗೆ ಹತ್ತಿರವಿದ್ದಷ್ಟೂ ಸಣ್ಣ ಗೀರೂ ಲೇಸರ್‌ಗೆ ಅಡ್ಡ ಬರುತ್ತದೆ. ಅದಕ್ಕೇ ಮೊದಮೊದಲ ಬ್ಲೂ-ರೇ ಡಿಸ್ಕ್‌ಗಳು ಕಾರ್ಟ್ರಿಜ್‌ನಲ್ಲಿ ಬಂದವು. ಗಟ್ಟಿ ಲೇಪನ ಬಂದ ಮೇಲೆ ಡಬ್ಬಿ ಹೋಯಿತು.

ಹತ್ತಾರು ಕೈ ಬದಲಾಗುವ ಡಿಸ್ಕ್ ಆದರೆ ಪೂರ್ತಿ ಮುಚ್ಚಿದ್ದೇ ಸರಿ. ಆದರೆ ಶಟರ್, ಅಂದರೆ ಡಬ್ಬಿಯ ಕಿಂಡಿ ಮುಚ್ಚುವ ಜಾರುಬಾಗಿಲು, ಹುಷಾರು! ಅದರ ತಗಡು ಚೂರು ಬಾಗಿದರೂ ಡ್ರೈವ್‌ನೊಳಗೆ ಸಿಕ್ಕಿಕೊಳ್ಳಬಹುದು. ಎರಡೂ ಕಡೆ ಕಿಂಡಿ ಸುಮ್ನೆ ಇಡಬೇಡಿ. ಹಾಡು ಕೇಳಲು ಬಳಸುತ್ತಿದ್ದ ಪುಟ್ಟ ಮಿನಿಡಿಸ್ಕ್ ನೋಡಿ: ರೆಕಾರ್ಡ್ ಮಾಡುವಂಥದ್ದಕ್ಕೆ ಕೆಳಗಿಂದ ಲೇಸರ್, ಮೇಲಿಂದ ಕಾಂತೀಯ ಹೆಡ್ ಬೇಕು, ಹಾಗಾಗಿ ಎರಡೂ ಕಡೆ ತೆರೆಯುತ್ತದೆ. ಹಾಡು ತುಂಬಿಸಿಯೇ ಮಾರುವಂಥದ್ದಕ್ಕೆ ಒಂದೇ ಕಡೆ ಸಾಕಾಯಿತು.

ಕಾರ್ಟ್ರಿಜ್ ಹಿಡಿಸದ ಡ್ರೈವ್‌ನಲ್ಲೂ ಓದಬೇಕಾ? ಹಾಗಾದರೆ ಮತ್ತೆ ಮತ್ತೆ ಬರೆಯಬಹುದಾದ ಡಿವಿಡಿಯಾದ ಡಿವಿಡಿ-ರ‍್ಯಾಮ್ ಟೈಪ್ 2ರಂತೆ ಬಿಚ್ಚುವಂಥದ್ದು ಮಾಡಿ. ಹೊರಗೆ ತೆಗೆದಾಗ ಬೆರಳಚ್ಚು ಬೀಳುತ್ತದೆ, ಅದನ್ನು ಒಪ್ಪಿಕೊಳ್ಳಬೇಕು ಅಷ್ಟೇ.

ಖರ್ಚು, ಜಾಗದ ಲೆಕ್ಕದಲ್ಲಿ ಬರೀ ಡಿಸ್ಕೇ ಅಗ್ಗ. ಒಬ್ಬರೇ ಬಳಸಿ, ಪೆಟ್ಟಿಗೆಯಲ್ಲಿ ಜೋಪಾನ ಮಾಡುವುದಾದರೆ ಗಟ್ಟಿ ಲೇಪನವಿರುವ ಡಿಸ್ಕ್ ತೆಗೆದುಕೊಂಡು ಕಾರ್ಟ್ರಿಜ್ ಯೋಚನೆಯನ್ನೇ ಬಿಡಬಹುದು.