ರ‍್ಯಾಮ್ ಮಾರುವ ಮುನ್ನ ಯಂತ್ರ ನೋಡುವ ಅಂಗಡಿ: ಬಳ್ಳಾರಿಯ ಬೆಂಗಳೂರು ರಸ್ತೆಯ ಒಂದು ಕಂಪ್ಯೂಟರ್ ರಿಪೇರಿ ಸೇವೆ

ನಮ್ಮ ಜೀನ್ಸ್ ಹೊಲಿಗೆ ಘಟಕದಲ್ಲಿ ಬಿಲ್ಲಿಂಗಿಗೂ ಪ್ಯಾಟರ್ನ್ ಹಾಕುವುದಕ್ಕೂ ಇರುವುದು ಒಂದೇ ಕಂಪ್ಯೂಟರ್. ಅದು ನಿಧಾನವಾಯಿತೆಂದು ಬೇರೊಂದು ಕಡೆ 4 ಜಿಬಿಯ ಇನ್ನೊಂದು ರ‍್ಯಾಮ್ (ಕಂಪ್ಯೂಟರಿನ ಕೆಲಸದ ಮೆಮೊರಿ) ಸ್ಟಿಕ್ ಹಾಕಿಸಿದರೂ ಕಿಂಚಿತ್ತೂ ಪ್ರಯೋಜನವಾಗಲಿಲ್ಲ. ಆಮೇಲೆ ಅದನ್ನು ಬೆಂಗಳೂರು ರಸ್ತೆಯ ಈ ಪುಟ್ಟ ಅಂಗಡಿಗೆ ಒಯ್ದೆವು.

ಅಂಗಡಿಯ ಹಿರಿಯರು ಕ್ಯಾಬಿನೆಟ್ ಬಿಚ್ಚುವ ಮೊದಲು ಸಿಸ್ಟಮ್ ವಿವರದ ಪುಟ ತೆರೆದು ತೋರಿಸಿದರು. ಅಳವಡಿಸಿದ ಮೆಮೊರಿ 8 ಜಿಬಿ, ಬಳಕೆಗೆ ಸಿಗುವುದು 3.24 ಜಿಬಿ ಎಂದು ಅಲ್ಲಿತ್ತು. ಅದರ ಕೆಳಗೆ, 32 ಬಿಟ್ ವಿಂಡೋಸ್ 10. “ಇನ್ನೆಷ್ಟು ಹಾಕಿದ್ರೂ ಇದಕ್ಕೆ ಕಾಣಂಗಿಲ್ರಿ” ಎಂದು ಅವರು ಹೇಳಿ, ಕಾರಣವನ್ನೂ ಸಮಾಧಾನದಿಂದ ವಿವರಿಸಿದರು. ಮೆಮೊರಿಯ ಪ್ರತಿ ಬೈಟಿಗೂ ಪ್ರತ್ಯೇಕ ವಿಳಾಸ ಬೇಕು. ಬಿಟ್ ಎಂದರೆ 0 ಅಥವಾ 1 ಎಂಬ ಒಂದು ಅಂಕೆ. ವಿಳಾಸ 32 ಬಿಟ್‌ಗಳದ್ದಾದರೆ ಸಿಗುವುದು 429 ಕೋಟಿ ಚಿಲ್ಲರೆ ವಿಳಾಸಗಳು ಮಾತ್ರ, ಅದೇ 4 ಜಿಬಿ. ಅದರಲ್ಲಿಯೂ ಗ್ರಾಫಿಕ್ಸ್ ಮೊದಲಾದ ಸಾಧನಗಳಿಗೆ ಒಂದು ಪಾಲು ಮೀಸಲಾಗುವುದರಿಂದ ರ‍್ಯಾಮಿಗೆ ಉಳಿಯುವುದು ಮೂರು ಚಿಲ್ಲರೆ. ಒಂದು ಬಿಟ್ ಹೆಚ್ಚಿದರೆ ಮಿತಿ ಇಮ್ಮಡಿಯಾಗುತ್ತದೆ: 1978ರ 8086 ಪ್ರೊಸೆಸರ್‌ಗೆ 20 ವಿಳಾಸ ತಂತಿಗಳಿದ್ದುದರಿಂದ 1 ಎಂಬಿ, 80286ಕ್ಕೆ 24 ಇದ್ದುದರಿಂದ 16 ಎಂಬಿ. 1995ರ ಪೆಂಟಿಯಂ ಪ್ರೊ 36 ಬಿಟ್ ವಿಳಾಸದಿಂದ 64 ಜಿಬಿ ಮುಟ್ಟಬಲ್ಲದಾಗಿತ್ತು. ಆದರೆ ಪ್ರೊಸೆಸರ್‌ಗೆ ಶಕ್ತಿಯಿದ್ದರೆ ಸಾಲದು. 32 ಬಿಟ್ ವಿಂಡೋಸ್ 10 ನಾಲ್ಕರ ಗೆರೆ ದಾಟಗೊಡುವುದಿಲ್ಲ. ಇಷ್ಟನ್ನು ಗ್ರಾಹಕರಿಗೆ ತಾಳ್ಮೆಯಿಂದ ಹೇಳುವ ಅಂಗಡಿಗಳು ನಮ್ಮ ಕಡೆ ಕಡಿಮೆ.

ನಮ್ಮ ಪ್ರೊಸೆಸರ್ 64 ಬಿಟ್‌ನದ್ದೇ ಆಗಿದ್ದರಿಂದ ಹೊಸ ರ‍್ಯಾಮ್ ಬೇಕಾಗಲಿಲ್ಲ. ಮದರ್‌ಬೋರ್ಡ್ 16 ಜಿಬಿವರೆಗೆ ಒಪ್ಪುತ್ತದೆಂದು ನೋಡಿ, 64 ಬಿಟ್ ವಿಂಡೋಸ್ ಹಾಕಲು ಹಳೆಯ ಲೈಸೆನ್ಸೇ ನಡೆಯುತ್ತದೆಂದು ತಿಳಿಸಿದರು. ಹಳೆಯದರ ಮೇಲೆಯೇ ಏರಿಸಲು ಬರುವುದಿಲ್ಲ, ಮೊದಲಿನಿಂದ ಹಾಕಬೇಕು. ಆದ್ದರಿಂದ ಬಿಲ್ಲಿಂಗ್ ಮತ್ತು ಪ್ಯಾಟರ್ನ್ ಫೈಲುಗಳನ್ನು ಬ್ಯಾಕಪ್ ತೆಗೆದು, ನಮ್ಮೆದುರೇ ಒಂದೆರಡನ್ನು ತೆರೆದು ತೋರಿಸಿದರು. ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ತಂತ್ರಾಂಶಗಳಾದ 32 ಬಿಟ್ ಡ್ರೈವರ್‌ಗಳು 64 ಬಿಟ್ ವಿಂಡೋಸಿನಲ್ಲಿ ಕೆಲಸ ಮಾಡುವುದಿಲ್ಲವೆಂದು, ಪ್ಯಾಟರ್ನನ್ನು ದೊಡ್ಡ ಕಾಗದದ ಮೇಲೆ ಬರೆಯುವ ನಮ್ಮ ಪ್ಲಾಟರಿಗೆ 64 ಬಿಟ್ ಡ್ರೈವರ್ ಇದೆಯೇ ಎಂಬುದನ್ನು ಕೆಲಸಕ್ಕೆ ಕೈ ಹಾಕುವ ಮುನ್ನವೇ ಖಚಿತಪಡಿಸಿಕೊಂಡದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಅದು ಸಿಗದೆ ಹೋಗಿದ್ದರೆ ನಮ್ಮ ಕಟಿಂಗ್ ಟೇಬಲ್ ನಿಂತೇ ಬಿಡುತ್ತಿತ್ತು.

ಈಗ ಎರಡೂ ತಂತ್ರಾಂಶಗಳು ಒಟ್ಟಿಗೆ ಸಲೀಸಾಗಿ ನಡೆಯುತ್ತಿವೆ. ಅಂಗಡಿಯಲ್ಲಿ ಕೆಲಸಗಾರರು ಕಡಿಮೆ. ಯಂತ್ರ ಕೈಗೆ ಬರಲು ಮರುದಿನ ಸಂಜೆಯಾಯಿತು, ಬಿಲ್ಲಿನಲ್ಲಿ ಬ್ಯಾಕಪ್ ಮತ್ತು ಇನ್‌ಸ್ಟಾಲೇಶನ್ ಕೂಲಿಯನ್ನು ಬೇರೆ ಬೇರೆ ಬರೆದಿರಲಿಲ್ಲ. ಅದನ್ನು ಅವರು ತಿದ್ದಿಕೊಳ್ಳಬೇಕು. ಹಳೆಯ ಕಂಪ್ಯೂಟರಿಗೆ ರ‍್ಯಾಮ್ ಹಾಕಿಸಲು ಹೊರಟವರು ಮೊದಲು ಇವರಿಗೆ ತೋರಿಸಲಿ. ಹೋಗುವಾಗ ಪ್ರಿಂಟರ್, ಪ್ಲಾಟರ್‌ಗಳ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಹೋಗಲಿ.